ಗುಬ್ಬಿಯ ಮಾತ್ರೆ

ಮಾತ್ರೆ ಶುರುವಾದ ಹತ್ತನೆಯ ದಿನ ಗುಬ್ಬಿ ಊಟದ ಮೇಜಿನ ಮುಂದೆ ಕಾಲಾಡಿಸದೆ ಕೂತಳು. ತಟ್ಟೆಯಲ್ಲಿದ್ದ ಬಟಾಣಿಯನ್ನೆಲ್ಲ ಒಂದೇ ಗೆರೆಯಲ್ಲಿ ಜೋಡಿಸಿ, ಒಂದು ತುದಿಯಿಂದ ಒಂದೊಂದಾಗಿ ತಿಂದು ಮುಗಿಸಿದಳು. ಅಪ್ಪ, ಅಮ್ಮ, ಅಜ್ಜಿ ಮೂವರೂ ತಮ್ಮ ಊಟ ಬಿಟ್ಟು ನೋಡುತ್ತಿದ್ದರು. ಎಂಟು ವರ್ಷದ ಈ ಹುಡುಗಿ ಅಲ್ಲಿಯತನಕ ಒಂದು ತುತ್ತಿಗೂ ಇನ್ನೊಂದು ತುತ್ತಿಗೂ ನಡುವೆ ಮನೆಯನ್ನೊಂದು ಸುತ್ತು ಹಾಕಿ ಬರುತ್ತಿದ್ದವಳು. ಹೆಸರು ಬೇರೆ ಇದ್ದರೂ ಎಲ್ಲರ ಬಾಯಲ್ಲೂ ಗುಬ್ಬಿಯೇ ಆದದ್ದು ಅದಕ್ಕೆ.

"ನೋಡಿದ್ಯಾ ಅಮ್ಮಾ?" ಎಂದ ಅಜ್ಜಿಯ ಮಗ, ಗುಬ್ಬಿಯ ಅಪ್ಪ. ಅವನು ಲಿಫ್ಟ್ ರಿಪೇರಿ ಮಾಡುವವನು. ಏನೇ ಸರಿಹೋದರೂ ತಾನೇ ಸರಿಮಾಡಿದವನಂತೆ ಕೈ ಒರೆಸಿಕೊಳ್ಳುವ ಅಭ್ಯಾಸ. "ಟೀಚರ್ ಹೇಳಿದ್ರು, ನಲವತ್ತು ನಿಮಿಷ ಕೂತು ಲೆಕ್ಕ ಮಾಡಿದಳಂತೆ. ಕಿಟಕಿ ಕಡೆ ತಿರುಗಿನೂ ನೋಡಲಿಲ್ಲವಂತೆ."

"ನಂಗ್ಯಾಕೋ ಭಯ ಆಗುತ್ತೆ ಕಣೋ," ಎಂದಳು ಅಜ್ಜಿ.

"ನಿಂಗೆ ಯಾವುದಕ್ಕೆ ಭಯ ಆಗಲ್ಲ ಹೇಳು? ಮೊನ್ನೆ ಫ್ರಿಜ್ ಸದ್ದು ಮಾಡ್ತಿಲ್ಲ ಅಂತ ಭಯ ಬಿದ್ದೆ."

"ಸದ್ದು ಮಾಡದೆ ಇದ್ರೆ ಕೆಟ್ಟಿದೆ ಅಂತ ತಾನೆ?"

"ಕೆಟ್ಟಿರಲಿಲ್ಲವಲ್ಲ!"

"ಕೆಟ್ಟಿರಲಿಲ್ಲ ಅಂತ ಗೊತ್ತಾಗಿದ್ದು ಆಮೇಲೆ."

ಸೊಸೆ ನಗಲಿಲ್ಲ. ಅವಳು ಮಗಳ ಖಾಲಿ ತಟ್ಟೆಯನ್ನೇ ನೋಡುತ್ತಿದ್ದಳು. ಮಾತ್ರೆ ಬರೆದುಕೊಟ್ಟ ದಿನ ಡಾಕ್ಟರು ಹೇಳಿದ್ದರು: ಮಗುವಿನ ತಲೆಯೊಳಗೆ ಹತ್ತು ರೇಡಿಯೋ ಒಟ್ಟಿಗೆ ಹಾಡ್ತಾ ಇರುತ್ತೆ ಅಂದ್ಕೊಳ್ಳಿ, ಇದು ಒಂಬತ್ತನ್ನ ಬಂದ್ ಮಾಡುತ್ತೆ. ಆಗ ಸೊಸೆ, "ದೊಡ್ಡವರಿಗೂ ಹಾಗೇ ಮಾಡುತ್ತಾ ಡಾಕ್ಟ್ರೇ?" ಎಂದು ಕೇಳಿದ್ದಳು. ಡಾಕ್ಟರು ನಕ್ಕು, "ಮಾಡುತ್ತೆ. ಅದಕ್ಕೇ ಕೈಗೆಟುಕದ ಕಡೆ ಇಡಿ," ಎಂದಿದ್ದರು. ಬಾಟಲಿ ಅಡುಗೆಮನೆಯ ಅತಿ ಮೇಲಿನ ಶೆಲ್ಫ್ ಸೇರಿತು. ಬೆಳಗಿನ ತಿಂಡಿಯ ಜೊತೆ ಮಾತ್ರೆ ಕೊಡುವುದು ಸೊಸೆಯ ಕೆಲಸ. ಅದರಲ್ಲಿ ಬೇರೆ ಯಾರೂ ಕೈಹಾಕುತ್ತಿರಲಿಲ್ಲ.

ಸೊಸೆಯದು ಕಣ್ಣಿನ ದುಡಿಮೆ. ಇಂಜೆಕ್ಷನ್ ತಯಾರಿಸುವ ಕಾರ್ಖಾನೆಯಲ್ಲಿ, ಉರಿಯುವ ದೀಪದಡಿ, ಅರ್ಧ ಕಪ್ಪು ಅರ್ಧ ಬಿಳಿಯ ಹಲಗೆಯೊಂದರ ಮುಂದೆ ಕೂರಬೇಕು. ಬೆರಳುದ್ದದ ಗಾಜಿನ ಶೀಷೆಗಳನ್ನು ಐದೈದಾಗಿ ಎತ್ತಿ ಅಲುಗಿಸಿ, ಔಷಧದೊಳಗೆ ಗಾಜಿನ ಚೂರೋ ಬಟ್ಟೆಯ ಎಳೆಯೋ ತೇಲುತ್ತಿದೆಯೇ ಎಂದು ನೋಡಬೇಕು. ಕಂಡರೆ ಕೆಂಪು ಡಬ್ಬಿಗೆ. ಕಾಣದೆ ಹೋದರೆ ಅದು ಯಾರದೋ ರಕ್ತಕ್ಕೆ. ಅಜ್ಜಿ ಅದೇ ಮೇಜಿನ ಮುಂದೆ ಇಪ್ಪತ್ತೆರಡು ವರ್ಷ ಕೂತು ಬಂದವಳು. ಸೊಸೆಯನ್ನು ಅಲ್ಲಿ ಸೇರಿಸಿದ್ದೂ ಅವಳೇ.

ತಿಂಗಳಿಗೊಮ್ಮೆ ಮೇಲ್ವಿಚಾರಕಿ ಯಾರಿಗೂ ಹೇಳದೆ ಹತ್ತು ಕೆಟ್ಟ ಶೀಷೆಗಳನ್ನು ಒಳ್ಳೆಯವುಗಳ ನಡುವೆ ಸೇರಿಸಿಬಿಡುತ್ತಾಳೆ. ಒಂಬತ್ತಾದರೂ ಸಿಗಬೇಕು. ಸೊಸೆಗೆ ಒಂದು ತಿಂಗಳು ಏಳು ಸಿಕ್ಕಿತ್ತು, ಮುಂದಿನ ತಿಂಗಳು ಆರು. ಮೂರನೆಯ ಸಲವೂ ತಪ್ಪಿದರೆ ಮೇಜನ್ನೂ ಕೆಲಸವನ್ನೂ ಬಿಟ್ಟು ಏಳಬೇಕಾಗಿತ್ತು.

"ಇಪ್ಪತ್ತು ನೋಡಿದ ಮೇಲೆ ಒಂದ್ಸಲ ಕಣ್ಣೆತ್ತಿ ಗೋಡೆ ನೋಡು," ಎಂದು ಅಜ್ಜಿ ಆಲೂಗಡ್ಡೆ ಹೆಚ್ಚುತ್ತ ಹೇಳಿಕೊಟ್ಟಳು. "ನಾವು ಹಾಗೇ ಮಾಡ್ತಿದ್ವಿ."

"ನಿಮ್ಮ ಕಾಲದಲ್ಲಿ ಗಂಟೆಗೆ ಆರುನೂರು ಅತ್ತೆ. ಈಗ ಸಾವಿರದ ಇನ್ನೂರು. ಗೋಡೆ ಕಡೆ ನೋಡಿದ್ರೆ ಗೋಡೆನೇ ಗತಿ."

"ಹಾಗಂತ ಹೇಳು ಅವರಿಗೆ."

"ಯಾರಿಗೆ? ಹೇಳೋಕೆ ಬಾಯಿ ತೆಗೆದ್ರೆ ಆ ಹೊತ್ತಿಗೆ ಐದು ಶೀಷೆ ಹೋಗಿರುತ್ತೆ."

ಮೂರನೆಯ ಪರೀಕ್ಷೆಯ ದಿನ ಸೊಸೆ ಕೇಕ್ ಹಿಡಿದುಕೊಂಡು ಮನೆಗೆ ಬಂದಳು. ಹತ್ತಕ್ಕೆ ಹತ್ತು. ಅಷ್ಟೇ ಅಲ್ಲ, ಮೇಲ್ವಿಚಾರಕಿ ಸೇರಿಸಿಯೇ ಇಲ್ಲದ ಇನ್ನೆರಡನ್ನೂ ಹಿಡಿದಿದ್ದಳು. ಮಗ ಹೆಂಡತಿಯ ಹಣೆಗೆ ಕೈಯಿಟ್ಟು, "ಕಣ್ಣೋ ಭೂತಗನ್ನಡಿಯೋ!" ಎಂದ. ಅಜ್ಜಿಗೂ ಹೆಮ್ಮೆಯಾಯಿತು. ಕೇಕ್ ಕತ್ತರಿಸಿ ಎಲ್ಲರಿಗೂ ಕೊಟ್ಟ ಸೊಸೆ ತಾನು ಮಾತ್ರ ತಿನ್ನಲಿಲ್ಲ ಎಂಬುದನ್ನು ಅಜ್ಜಿ ಗಮನಿಸಿದಳು.

ಆಮೇಲೆ ಗಮನಿಸಲು ಬೇಕಾದಷ್ಟಿತ್ತು. ಸೊಸೆ ಕೆಲಸದಿಂದ ಬಂದವಳು ಕೂರುತ್ತಲೇ ಇರಲಿಲ್ಲ. ಒಂದು ವಾರ ಬೀರುಗಳನ್ನೆಲ್ಲ ಬರಿದು ಮಾಡಿ ಜೋಡಿಸಿದಳು. ಇನ್ನೊಂದು ವಾರ ಬಚ್ಚಲಿನ ಟೈಲ್ಸ್ ನಡುವಿನ ಗೆರೆಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದಳು. ತಟ್ಟೆಯಲ್ಲಿ ಅನ್ನ ಹಾಗೇ ಉಳಿಯುತ್ತಿತ್ತು. ಕೆನ್ನೆ ಇಳಿದಿತ್ತು, ಕಣ್ಣು ಮಾತ್ರ ಈಗಷ್ಟೇ ತೊಳೆದಿಟ್ಟ ಗಾಜಿನ ಹಾಗೆ ಹೊಳೆಯುತ್ತಿತ್ತು. ಊಟ ಬೇಡ, ಮೈಯಲ್ಲೇನೋ ಚುರುಕು. ಅಜ್ಜಿ ತನಗೆ ತೋಚಿದ ಲೆಕ್ಕ ಹಾಕಿ, ಬಟ್ಟೆ ಮಡಿಸುವಾಗ ಮೆಲ್ಲಗೆ ಕೇಳಿದಳು:

"ಏನಮ್ಮಾ, ಏನಾದ್ರೂ ವಿಶೇಷ ಇದೆಯಾ?"

ಸೊಸೆಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ಅಯ್ಯೋ ಅತ್ತೆ! ಇನ್ನೊಂದು ಮಗು ಬೇಕಿದ್ರೆ ನಿಮ್ಮ ಮಗನಿಗೇ ಹೇಳಿ, ಅವರೇ ಹೆರಲಿ."

ಇಬ್ಬರೂ ನಕ್ಕರು. ಆದರೆ ಅದೇ ಸಂಜೆ, ಸೊಸೆ ಗುಬ್ಬಿಯ ಅಂಗಿಗೆ ಗುಂಡಿ ಹೊಲಿಯುತ್ತ ಅಡುಗೆಮನೆಯಲ್ಲೇ ಕೂತಿದ್ದಳು. ಎರಡಡಿ ಆಚೆ ಒಲೆಯ ಮೇಲೆ ಹಾಲು ಉಕ್ಕಿ, ಸೀದು, ಪಾತ್ರೆ ಕರಕಲಾಗಿ ಹೊಗೆ ಹಜಾರಕ್ಕೂ ಬಂತು. ಕೆಮ್ಮುತ್ತ ಓಡಿಬಂದ ಅಜ್ಜಿ ಒಲೆ ಆರಿಸಿದಾಗಲೂ ಸೊಸೆ ತಲೆ ಎತ್ತಲಿಲ್ಲ. ಗುಂಡಿಗೆ ಸುತ್ತಿದ ದಾರವನ್ನು ಬಿಚ್ಚಿ, ಮತ್ತೆ ಸುತ್ತಿ, ಮತ್ತೆ ಬಿಚ್ಚುತ್ತಿದ್ದಳು.

"ಏ! ಮನೆ ಸುಡ್ತಿದೆ, ಗೊತ್ತಾಗಲ್ವಾ ನಿಂಗೆ?"

ಸೊಸೆ ತಿರುಗಿ ಹೊಗೆಯನ್ನು ನೋಡಿದಳು, ಯಾರ ಮನೆಯಲ್ಲೋ ನಡೆದದ್ದನ್ನು ನೋಡುವ ಹಾಗೆ. "ನಂಗೆ ವಾಸನೆನೇ ಬರಲಿಲ್ಲ ಅತ್ತೆ," ಎಂದಳು.

ಅಜ್ಜಿ ಕರಕಲಾದ ಪಾತ್ರೆಯನ್ನೇ ನೋಡುತ್ತ ನಿಂತಳು. ಪಾತ್ರೆ ಹಾಳಾದದ್ದಕ್ಕಲ್ಲ. ಆ ಪಾತ್ರೆಯ ಜಾಗದಲ್ಲಿ ಗುಬ್ಬಿ ಇದ್ದಿದ್ದರೆ ಎನ್ನಿಸಿತು.

ಇತ್ತ ಗುಬ್ಬಿ ಹಳೆಯ ದಾರಿಗೆ ಬಿದ್ದಿದ್ದಳು. ತರಗತಿಯಲ್ಲಿ ಎದ್ದು ಓಡಾಟ, ಅರ್ಧ ಬರೆದ ಪುಸ್ತಕ, ಕಳೆದುಹೋದ ಚಪ್ಪಲಿ. ಟೀಚರ್ ಚೀಟಿ ಕಳಿಸಿದರು. ಮಗ ಅದನ್ನು ಊಟದ ಮೇಜಿನ ಮೇಲಿಟ್ಟು ಕೈಯಿಂದ ತಟ್ಟಿದ.

"ಮಾತ್ರೆ ಸರಿಯಾಗಿ ಕೊಡ್ತಿದ್ದೀಯಾ?"

"ಕೊಡದೆ ನಾನೇ ತಿಂತೀನಾ?" ಎಂದು ಸೊಸೆ ಸಿಡಿದಳು. "ಬೆಳಿಗ್ಗೆ ಎದ್ದು ತಿಂಡಿ ಮಾಡಿ, ತಲೆ ಬಾಚಿ, ಮಾತ್ರೆ ನುಂಗಿಸಿ, ಆಮೇಲೆ ನಾನು ಕೆಲಸಕ್ಕೆ ಹೋಗೋದು. ನೀವು ಒಂದು ದಿನ ಮಾಡಿ ತೋರಿಸಿ!"

"ನಾನು ಕೇಳಿದ್ದು ಒಂದು ಮಾತು. ಅದಕ್ಕೆ ಇಷ್ಟು..."

"ಅಪ್ಪಾ, ಆನೆಗೆ ಮಂಡಿ ಎಷ್ಟು?" ಎಂದಳು ಗುಬ್ಬಿ ಮೇಜಿನ ಕೆಳಗಿನಿಂದ.

"ಮೇಲೆ ಬಂದು ಊಟ ಮಾಡೇ!"

ಮತ್ತೆ ಡಾಕ್ಟರ ಬಳಿಗೆ ಹೋದರು. ಅಜ್ಜಿಯೂ ಜೊತೆಗಿದ್ದಳು. "ತಪ್ಪದೆ ಕೊಡ್ತಿದ್ದೀರಾ?" ಎಂದು ಡಾಕ್ಟರು ಕೇಳಿದರು. ಪ್ರಶ್ನೆ ಮುಗಿಯುವ ಮೊದಲೇ ಸೊಸೆ, "ತಪ್ಪದೆ," ಎಂದಳು. ಡಾಕ್ಟರು ಒಂದು ಮಾತ್ರೆಯನ್ನು ಎರಡು ಮಾಡಿದರು. ಮೂರು ವಾರ ಕಳೆದರೂ ಗುಬ್ಬಿ ಬದಲಾಗಲಿಲ್ಲ; ಎರಡು ಮೂರಾಯಿತು. "ಕೆಲವು ಮಕ್ಕಳ ಮೈ ಹಾಗೇ, ಜಾಸ್ತಿ ಬೇಡುತ್ತೆ," ಎಂದರು ಡಾಕ್ಟರು. ಸೊಸೆ ಹೊಸ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಮಡಿಲಲ್ಲಿಟ್ಟುಕೊಂಡಿದ್ದಳು. ಅಜ್ಜಿಗೆ ಏನೋ ಕೇಳಬೇಕೆನ್ನಿಸಿತು. ಆದರೆ ಏನನ್ನು? ಸೊಸೆ ಚುರುಕಾಗಿದ್ದಾಳೆ ಎಂದು ದೂರು ಹೇಳುವುದೇ?

ಶಾಲೆಗೆ ರಜೆಯಿದ್ದ ಒಂದು ಗುರುವಾರ ಕಾರ್ಖಾನೆಗೆ ಹೊರಗಿನಿಂದ ತಪಾಸಣೆಯವರು ಬರುವವರಿದ್ದರು. ಸೊಸೆ ಆರು ಗಂಟೆಗೇ ಹೊರಟಳು. ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತ, "ಅತ್ತೆ, ಗುಬ್ಬಿ ಮಾತ್ರೆ ಸಾಸರಲ್ಲಿದೆ, ಬ್ರೆಡ್ ಜೊತೆ ಕೊಟ್ಬಿಡಿ," ಎಂದು ಕೂಗಿ ಇಳಿದುಹೋದಳು.

ಎಂಟಕ್ಕೆ ಗುಬ್ಬಿ ಎದ್ದಳು. ಅಜ್ಜಿ ಬ್ರೆಡ್ ಟೋಸ್ಟ್ ಮಾಡಿ, ಮೊಟ್ಟೆ ಬೇಯಿಸಿ, ಸಾಸರ್ ಎತ್ತಿದಳು. ಒಳಗೆ ಒಂದೇ ಒಂದು ಅರ್ಧ ಮಾತ್ರೆ. ಅಂಚು ಪುಡಿಪುಡಿಯಾಗಿತ್ತು.

ಅಜ್ಜಿ ಕನ್ನಡಕ ಏರಿಸಿದಳು. ಅವಸರದಲ್ಲಿ ಕೆಳಗೆ ಬಿದ್ದು ಒಡೆದಿರಬೇಕು, ಉಳಿದವು ಎಲ್ಲೋ ಉರುಳಿಹೋಗಿರಬೇಕು. ನೆಲವನ್ನೆಲ್ಲ ಹುಡುಕಿದಳು, ಸಿಗಲಿಲ್ಲ. ಇಪ್ಪತ್ತೆರಡು ವರ್ಷದ ಕಾರ್ಖಾನೆ ಅವಳ ಮೈಯಲ್ಲಿ ಒಂದು ಮಾತನ್ನು ಅಚ್ಚೊತ್ತಿತ್ತು: ಒಡೆದದ್ದು ರೋಗಿಯ ಬಾಯಿಗೆ ಹೋಗಬಾರದು. ಅವಳು ಆ ಅರ್ಧವನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿದಳು. ಸ್ಟೂಲ್ ಹತ್ತಿ ಬಾಟಲಿ ಇಳಿಸಿಕೊಂಡಳು. ಚೀಟಿಯನ್ನು ಒಂದಲ್ಲ ಎರಡು ಸಲ ಓದಿದಳು. ಬೆಳಿಗ್ಗೆ ಮೂರು. ಡಾಕ್ಟರು ಹೇಳಿದ್ದನ್ನೂ ತನ್ನ ಕಿವಿಯಾರೆ ಕೇಳಿದ್ದಳು. ಬಾಟಲಿಯಲ್ಲಿ ಇನ್ನೂ ಕೆಲವು ಅರ್ಧಗಳಿದ್ದವು. ಎಂಥ ಕಂಪನಿಯಪ್ಪ ಇದು ಎಂದು ಬೈದುಕೊಂಡು ಅವನ್ನೂ ಬುಟ್ಟಿಗೆ ಸೇರಿಸಿದಳು. ಅಂಚು ಮುಕ್ಕಾಗದ, ಗುಂಡಗಿನ ಮೂರನ್ನು ಆರಿಸಿ ಮೊಮ್ಮಗಳ ಅಂಗೈಯಲ್ಲಿಟ್ಟಳು.

"ಇಷ್ಟೊಂದಾ?" ಎಂದಳು ಗುಬ್ಬಿ.

"ದಿನಾ ನುಂಗಲ್ವೇನೇ? ನುಂಗು ಬಂಗಾರ."

ಗುಬ್ಬಿ ಆಗಲೇ ಬೇರೇನನ್ನೋ ಯೋಚಿಸುತ್ತಿದ್ದಳು. ನುಂಗಿದಳು.

ಹತ್ತು ಗಂಟೆಗೆ ಅವಳು ಅಜ್ಜಿಯ ಗುಂಡಿ ಡಬ್ಬಿಯನ್ನು ನೆಲದ ಮೇಲೆ ಸುರಿದುಕೊಂಡು ಬಣ್ಣ ಬಣ್ಣ ಬೇರೆ ಮಾಡುತ್ತ ಕೂತಳು. ಅಜ್ಜಿ ಮನೆ ಗುಡಿಸಿದಳು, ಬಟ್ಟೆ ಒಣಹಾಕಿದಳು, ಬಟಾಣಿ ಸುಲಿದಳು. ಅಷ್ಟು ಹೊತ್ತೂ ಒಂದು ಪ್ರಶ್ನೆ ಬರಲಿಲ್ಲ, ಒಂದು ಓಟವಿಲ್ಲ. ಅಂತೂ ಔಷಧ ಹತ್ತಿತು ಎಂದುಕೊಂಡಳು. ಸರಿಯಾಗಿ ಕೊಟ್ಟರೆ ಹತ್ತದೆ ಏನು ಎಂಬ ಸಣ್ಣ ಹಮ್ಮೂ ಬಂತು.

ಹನ್ನೆರಡೂವರೆಗೆ ಊಟಕ್ಕೆ ಕರೆದಳು. ಉತ್ತರವಿಲ್ಲ. ಹತ್ತಿರ ಹೋದಳು. ಗುಂಡಿಗಳು ಬಣ್ಣದ ಪ್ರಕಾರ, ಬಣ್ಣದೊಳಗೆ ಗಾತ್ರದ ಪ್ರಕಾರ, ಗೋಡೆಯಿಂದ ಗೋಡೆಗೆ ಸಾಲಾಗಿ ನಿಂತಿದ್ದವು. ಗುಬ್ಬಿ ಆ ಸಾಲನ್ನೆಲ್ಲ ಕೆಡಿಸಿ ಮೊದಲಿನಿಂದ ಜೋಡಿಸುತ್ತಿದ್ದಳು. ತುಟಿ ಒಣಗಿ ಬಿರಿದಿತ್ತು. ಮುಖ ಕೆಂಪೇರಿತ್ತು.

"ಗುಬ್ಬೀ, ನೀರು ಕುಡಿ."

ಗುಬ್ಬಿ ಲೋಟವನ್ನು ನೋಡಲಿಲ್ಲ. ಅಜ್ಜಿ ಅವಳ ಎರಡೂ ಕೈ ಹಿಡಿದಳು. ಕೈ ಸುಡುತ್ತಿತ್ತು, ಬೆರಳುಗಳು ಅಜ್ಜಿಯ ಹಿಡಿತದೊಳಗೂ ಏನನ್ನೋ ಆರಿಸುತ್ತಿದ್ದವು. ಎದೆಯ ಮೇಲೆ ಅಂಗೈಯಿಟ್ಟಳು. ಒಂದು ಬಡಿತ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂದು ತಿಳಿಯದಷ್ಟು ವೇಗ.

"ಅಜ್ಜೀ, ಬಿಡು," ಎಂದಳು ಗುಬ್ಬಿ. ದನಿ ತೀರಾ ಸಣ್ಣದಾಗಿತ್ತು. "ಮುಗಿದಿಲ್ಲ." ಆಮೇಲೆ ಗುಂಡಿಗಳ ಮೇಲೇ ವಾಂತಿ ಮಾಡಿಕೊಂಡಳು. ವಾಂತಿಯ ನಡುವಿನಿಂದ ಒಂದು ನೀಲಿ ಗುಂಡಿಯನ್ನು ಎತ್ತಿ ಅದರ ಜಾಗದಲ್ಲಿಟ್ಟಳು.

ಮಗನಿಗೆ ಫೋನ್ ಮಾಡುವಾಗ ಅಜ್ಜಿಯ ಬೆರಳು ಮೂರು ಸಲ ತಪ್ಪಿತು. ಕಾರ್ಖಾನೆಯವರು ಕೆಲಸಗಾರರ ಫೋನುಗಳನ್ನು ಗೇಟಿನಲ್ಲೇ ತೆಗೆದಿಟ್ಟುಕೊಳ್ಳುತ್ತಿದ್ದುದರಿಂದ, ಗೇಟಿನ ಕಾವಲುಗಾರನಿಗೇ ಫೋನ್ ಮಾಡಿ, ಸೊಸೆಯನ್ನು ಆಸ್ಪತ್ರೆಗೆ ಓಡಿಸು ಎಂದು ಅಂಗಲಾಚಿದಳು. ಬಾಟಲಿಯನ್ನು ಕೈಚೀಲಕ್ಕೆ ತುರುಕಿ, ಗುಬ್ಬಿಯನ್ನು ಹೊದಿಕೆಯಲ್ಲಿ ಸುತ್ತಿ ಮೆಟ್ಟಿಲಿಳಿಯುವಷ್ಟರಲ್ಲಿ ಮಗ ವ್ಯಾನಿನಲ್ಲಿ ಬಂದಿದ್ದ.

ಆಸ್ಪತ್ರೆಯಲ್ಲಿದ್ದ ಡಾಕ್ಟರು ಎಳೆಯ ವಯಸ್ಸಿನ ಹೆಂಗಸು. ಮಾತು ಕಡಿಮೆ, ಕೈ ಚುರುಕು. ಗುಬ್ಬಿಯ ಎದೆಗೆ ತಂತಿಗಳನ್ನು ಅಂಟಿಸಿದರು. ಯಂತ್ರ ಬಿಡದೆ ಕೂಗತೊಡಗಿತು.

"ಏನು ಕೊಟ್ಟಿದ್ರಿ?"

ಅಜ್ಜಿ ಬಾಟಲಿ ತೋರಿಸಿದಳು. "ಇದೇ. ಮೂರು. ಚೀಟಿಯಲ್ಲಿರೋ ಹಾಗೆ."

"ದಿನಾ ಮೂರೇ ತಗೊಳ್ತಾಳಾ?"

"ದಿನಾ," ಎಂದ ಮಗ. "ಮೂರು ವಾರದಿಂದ. ನನ್ನ ಹೆಂಡತಿ ಒಂದು ದಿನಾನೂ ತಪ್ಪಿಸಲ್ಲ."

ಡಾಕ್ಟರ ಹುಬ್ಬು ಗಂಟಿಕ್ಕಿತು. "ಮೂರು ವಾರದಿಂದ ಇಷ್ಟೇ ತಗೊಳ್ತಿದ್ರೆ ಇವತ್ತು ಇದ್ದಕ್ಕಿದ್ದ ಹಾಗೆ ಹೀಗಾಗಬಾರದು. ಹಾಗಾದ್ರೆ ಇದು ಮಾತ್ರೆಯಿಂದಲ್ಲ. ಜ್ವರ ಇದೆ, ಮಾತು ಸರಿ ಬರ್ತಿಲ್ಲ. ಮಿದುಳಿಗೆ ಸೋಂಕು ತಗುಲಿರಬಹುದು. ಬೆನ್ನೆಲುಬಿಗೆ ಸೂಜಿ ಹಾಕಿ ನೀರು ತೆಗೆದು ನೋಡಬೇಕು, ಈಗಲೇ. ಇಲ್ಲಿ ಸಹಿ ಮಾಡಿ."

ಮಗನ ಗ್ರೀಸು ಮೆತ್ತಿದ ಬೆರಳಿನಿಂದ ಪೆನ್ನು ಜಾರಿ ಬಿತ್ತು. ಅಷ್ಟರಲ್ಲಿ ಸೊಸೆ ಒಳಗೆ ನುಗ್ಗಿದಳು. ಬಿಳಿಯ ಟೋಪಿ, ಬಿಳಿಯ ಕೋಟು ಹಾಗೇ ಇತ್ತು. ಮಗಳನ್ನು, ತಂತಿಗಳನ್ನು, ಅತ್ತೆಯ ಕೈಯಲ್ಲಿದ್ದ ಬಾಟಲಿಯನ್ನು ನೋಡಿದಳು. ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಿದ್ದು ಬಾಟಲಿಯನ್ನು.

"ಸಾಸರಲ್ಲಿಟ್ಟಿದ್ನಲ್ಲ ಅತ್ತೆ," ಎಂದಳು. ಬಾಯಿಂದ ಅಷ್ಟೇ ಹೊರಟಿತು.

"ಅದು ಒಡೆದ ಅರ್ಧ ಇತ್ತಲ್ಲಮ್ಮಾ. ಎಸೆದು..." ಅಜ್ಜಿಯ ಮಾತು ಅಲ್ಲೇ ನಿಂತಿತು. ಸಾಸರಿನ ಅರ್ಧ. ಬಾಟಲಿಯ ಅರ್ಧಗಳು. ತಿನ್ನದ ಕೇಕು, ಸೀದ ಹಾಲು, ಹತ್ತಕ್ಕೆ ಹತ್ತು. ಅಜ್ಜಿ ಸೊಸೆಯ ಕಡೆ ತಿರುಗಿದಳು.

"ಮಗೂಗೆ ದಿನಾ ಎಷ್ಟು ಕೊಡ್ತಿದ್ದೆ?" ಎಂದು ಕೇಳಿದಳು.

"ಅಮ್ಮಾ, ಈಗ ಅದೆಲ್ಲ..." ಎಂದ ಮಗ, ಬಗ್ಗಿ ಪೆನ್ನು ಎತ್ತಿಕೊಳ್ಳುತ್ತ.

"ನೀನು ಸುಮ್ಮನಿರು. ಸಹಿ ಮಾಡಬೇಡ. ಹೇಳಮ್ಮಾ. ಮಗೂ ಬೆನ್ನಿಗೆ ಸೂಜಿ ಹಾಕ್ತಾರಂತೆ. ಎಷ್ಟು ಕೊಡ್ತಿದ್ದೆ?"

ಸೊಸೆ ಟೋಪಿ ತೆಗೆದಳು. ಕೂದಲು ಬೆವರಿಗೆ ಅಂಟಿಕೊಂಡಿತ್ತು. ಗಂಡನ ಮುಖ ನೋಡದೆ ಡಾಕ್ಟರಿಗೆ ಹೇಳಿದಳು: "ಅರ್ಧ. ಎರಡೂವರೆ ತಿಂಗಳಿಂದ ಬರೀ ಅರ್ಧ."

"ಮೂರಲ್ಲ?"

"ಮೂರು ಯಾವತ್ತೂ ಕೊಟ್ಟಿಲ್ಲ."

ಡಾಕ್ಟರು ಕಾಗದವನ್ನು ಪಕ್ಕಕ್ಕಿಟ್ಟು, ನರ್ಸಿಗೆ ಬೇರೆ ಔಷಧದ ಹೆಸರು ಹೇಳಿದರು. ಎರಡೇ ನಿಮಿಷದಲ್ಲಿ ಸೂಜಿಯ ತಟ್ಟೆ ಆಚೆ ಹೋಯಿತು, ಸಣ್ಣದೊಂದು ಸಿರಿಂಜು ಬಂತು. ಮಗ ಮಾತ್ರ ಇನ್ನೂ ಪೆನ್ನು ಹಿಡಿದೇ ನಿಂತಿದ್ದ.

"ಉಳಿದಿದ್ದು ಎಲ್ಲಿ ಹೋಯ್ತು?" ಎಂದ.

ಡಾಕ್ಟರು ಸೊಸೆಯ ಹತ್ತಿರ ಬಂದು, ಕೇಳದೆಯೇ ಅವಳ ಮಣಿಕಟ್ಟು ಹಿಡಿದು ಗಡಿಯಾರ ನೋಡಿದರು. "ನೀವು ಇವತ್ತು ಎಷ್ಟು ತಗೊಂಡ್ರಿ?"

"ನಾಲ್ಕು," ಎಂದಳು ಸೊಸೆ. "ತಪಾಸಣೆ ಇತ್ತು."

"ಆ ಮಂಚದ ಮೇಲೆ ಮಲಗಿ."

ಸಂಜೆ ಐದರ ಹೊತ್ತಿಗೆ ಗುಬ್ಬಿಯ ಯಂತ್ರ ಕೂಗುವುದನ್ನು ನಿಲ್ಲಿಸಿತು. ಅವಳು ನಿದ್ದೆ ಹೋಗಿದ್ದಳು. ಇನ್ನು ಭಯವಿಲ್ಲ, ಆದರೆ ಎರಡು ದಿನ ಇಲ್ಲೇ ಇರಲಿ ಎಂದು ಡಾಕ್ಟರು ಹೇಳಿ ಹೋದರು. ಮಗ ಮಗಳ ಮಂಚದ ಪಕ್ಕ ಹೆಂಡತಿಯ ಕಡೆ ಬೆನ್ನು ಮಾಡಿ ಕೂತಿದ್ದ. ಒಂದೇ ಒಂದು ಸಲ, ತಿರುಗದೆಯೇ ಮಾತಾಡಿದ.

"ಒಂದು ಮಾತು ಹೇಳಿದ್ರೆ ಆಗ್ತಿತ್ತು. ಕೆಲಸ ಬಿಡು ಅಂತಿದ್ದೆ."

"ಬಿಟ್ಟು?" ಎಂದಳು ಸೊಸೆ ಚಾವಣಿ ನೋಡುತ್ತ. "ನೀವೊಬ್ಬರೇ ಎಳೀತೀರಾ? ಹೋದ ವರ್ಷ ನೀವೇ ಅಂದಿದ್ರಲ್ಲ, ಇಬ್ಬರೂ ದುಡಿದ್ರೇ ಕಷ್ಟ ಅಂತ."

ಅವನು ಮಗಳ ಹೊದಿಕೆಯನ್ನು ಕೊರಳತನಕ ಎಳೆದು ಸರಿಪಡಿಸಿದ.

ಅಜ್ಜಿ ಸ್ಟೂಲ್ ಎಳೆದುಕೊಂಡು ಸೊಸೆಯ ಪಕ್ಕ ಕೂತಳು. ಮೂರು ಮಾತ್ರೆ ಎಣಿಸಿ ಕೊಟ್ಟ ಕೈ ಇನ್ನೂ ಅವಳದಲ್ಲವೆಂಬಂತೆ ಮಡಿಲಲ್ಲಿ ಬಿದ್ದಿತ್ತು. ಬೈಯಬೇಕೆಂದು ಬಂದಿದ್ದಳು, ಸೊಸೆಯ ಕೊರಳಿನ ನರ ಪಟಪಟನೆ ಹೊಡೆದುಕೊಳ್ಳುವುದನ್ನು ಕಂಡು ಅವಳ ಹಣೆಯ ಬೆವರು ಒರೆಸಿದಳು.

"ಕಣ್ಣು ಮುಚ್ಚಿ ಮಲಕ್ಕೋ."

"ಆಗ್ತಿಲ್ಲ ಅತ್ತೆ." ಗಂಡನಿಗೆ ಕೇಳಿಸದಂತೆ ದನಿ ತಗ್ಗಿಸಿದಳು. "ನಾಳೆ ಬೆಳಿಗ್ಗೆನೂ ತಪಾಸಣೆ ಇದೆ. ಅರ್ಧಕ್ಕೇ ಎದ್ದು ಬಂದಿದ್ದೀನಿ. ನಾಳೆ ಹೋಗದೇ ಇದ್ರೆ..."

"ನಾಳೆ ನೀನೆಲ್ಲಿಗೂ ಹೋಗಲ್ಲ."

"ಬಾಟಲಿ ನಿಮ್ಮ ಹತ್ರನೇ ಇದೆಯಾ?"

ಅಜ್ಜಿಯ ಕೈ ತಾನಾಗಿಯೇ ಕೈಚೀಲದ ಬಾಯಿ ಮುಚ್ಚಿತು. "ಇಲ್ಲ. ಡಾಕ್ಟರು ತಗೊಂಡ್ರು," ಎಂದಳು. ಬದುಕಿನಲ್ಲಿ ಅವಳು ಸುಳ್ಳು ಹೇಳಿದ್ದು ಕಡಿಮೆ, ಹೇಳಲು ಬರುತ್ತಲೂ ಇರಲಿಲ್ಲ.

ಸೊಸೆಯ ನೋಟ ಅತ್ತೆಯ ಮುಖದಿಂದ ಇಳಿದು ಚೀಲದ ಮೇಲೆ ನಿಂತಿತು. "ಒಂದೇ ಒಂದು ಅತ್ತೆ," ಎಂದಳು. "ನಾಳೆಗೆ ಮಾತ್ರ. ಆಮೇಲೆ ನಾನೇ ಬಿಡ್ತೀನಿ, ನನ್ನಾಣೆ." ಪಕ್ಕದ ಮಂಚದಲ್ಲಿ ಮಗಳು ನಿದ್ದೆಯಲ್ಲಿ ಮಗ್ಗುಲಾದಳು. ಸೊಸೆ ಆ ಕಡೆ ತಿರುಗಲಿಲ್ಲ.

ಅಜ್ಜಿ ಎದ್ದು ಹೊರಗೆ ಹೋದಳು. ನರ್ಸಿನ ಮೇಜಿನ ಮೇಲೆ ಬಾಟಲಿ ಇಟ್ಟು, "ಇದನ್ನ ಬೀಗ ಹಾಕಿಡಿ. ನಮ್ಮ ಮನೆಯವರು ಯಾರೇ ಕೇಳಿದ್ರೂ ಕೊಡಬೇಡಿ. ನಾನು ಕೇಳಿದ್ರೂನೂ," ಎಂದಳು. ಬೀಗ ಹಾಕಿದ ಸದ್ದು ಕೇಳಿದ ಮೇಲೆಯೇ ಅಲ್ಲಿಂದ ಕದಲಿದಳು. ಒಳಗೆ ಬಂದು ಚೀಲದ ಬಾಯಿ ಅಗಲಿಸಿ ಸೊಸೆಯ ತೊಡೆಯ ಮೇಲಿಟ್ಟಳು.

"ನೋಡಿಕೋ."

ಸೊಸೆ ಎದ್ದು ಕೂತಳು. ಕರವಸ್ತ್ರ ತೆಗೆದು ಕೊಡವಿದಳು, ಕನ್ನಡಕದ ಪೆಟ್ಟಿಗೆ ತೆರೆದಳು, ಬೀಗದಕೈ ಗೊಂಚಲು ಹೊರಗಿಟ್ಟಳು. ಚೀಲವನ್ನು ಮಗುಚಿ ತಟ್ಟಿದಳು. ಏನೂ ಬೀಳಲಿಲ್ಲ. ಎಲ್ಲವನ್ನೂ ಒಂದೊಂದಾಗಿ ಒಳಗೆ ಹಾಕಿದಳು. ಆಮೇಲೆ ಮತ್ತೆ ಕರವಸ್ತ್ರದಿಂದ ಶುರುಮಾಡಿ, ಒಂದೊಂದಾಗಿ ಹೊರಗೆ ತೆಗೆಯತೊಡಗಿದಳು.